ಮದ್ದಿಗೆ ಮಣಿಯದ ರೋಗಾಣುಗಳು

ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಬದುಕಿಯಾನು. ನೀರಿಲ್ಲದೆ ಕೆಲವು ದಿನ ತಡೆದಾನು. ಗಾಳಿಯಿಲ್ಲದೆ ಕೆಲವು ನಿಮಿಷಗಳ ಆಚೆಗೆ ಅವನ ಬಾಳಿಲ್ಲ. ಪ್ರಾಯಕ್ಕೆ ಬಂದ ವ್ಯಕ್ತಿಯೊಬ್ಬನು ದಿನವೊಂದಕ್ಕೆ ಸುಮಾರು ೧೦ ಸಾವಿರ ಲೀಟರುಗಳಷ್ಟು ಗಾಳಿಯನ್ನು ಒಳಗೆಳೆದುಕೊಂಡು ಹೊರಬಿಡುತ್ತಾನೆ. ಆ ಗಾಳಿಯೊಡನೆ ಒಲೆಯ ಹೊಗೆ, ರಸ್ತೆಯ ಧೂಳು, ಕಲ್ಲುಗಣಿಯ ಹುಡಿ ಇವುಗಳಷ್ಟೇ ಅಲ್ಲದೆ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳೂ ದೇಹವನ್ನು ಪ್ರವೇಶಿಸುತ್ತವೆ. ಹೀಗಿದ್ದೂ ನಮ್ಮಲ್ಲಿ ಬಹುಪಾಲು ಜನರು ಆರೋಗ್ಯದಿಂದಿರುವುದು ಹೇಗೆ? ಕೆಲವರು ಮಾತ್ರ ರೋಗಕ್ಕೆ ತುತ್ತಾಗುವುದೇಕೆ? ತುತ್ತಾದವರನ್ನು ಉಳಿಸುತ್ತಿದ್ದ ಔಷಧಿಗಳು ಇತ್ತೀಚಿನ ದಶಕಗಳಲ್ಲಿ ತಮ್ಮ ಶಕ್ತಿಯನ್ನು ಕಳೆದುಕೊಳ್ಳುತ್ತಿರುವುದೇಕೆ? ಈ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ತಿಳಿಯುವಂತೆ ವಿವೇಚಿಸುವುದು ಈ ಲೇಖನದ ಉದ್ದೇಶ.

ಶ್ವಾಸಕೋಶದ ಕಾವಲು

ಮೂಗಿನಿಂದ ಆರಂಭವಾಗುವ ಗಾಳಿಯ ಹಾದಿಯು ಮರದ ಕೊಂಬೆಗಳಂತೆ ಕವಲೊಡೆಯುತ್ತ ಸಾಗಿ ಕೋಟ್ಯಂತರ ಪುಟ್ಟ ಗಾಳಿಚೀಲಗಳಲ್ಲಿ ಕೊನೆಗೊಳ್ಳುತ್ತದೆ. ಈ ಹಾದಿಯ ಒಳಗೋಡೆಗೆ ತೆಳುವಾದ ಲೋಳೆಯ ಲೇಪವುಂಟು. ಲೋಳೆಯ ಅಡಿಯಲ್ಲಿ ಅತಿ ಸೂಕ್ಷ್ಮವಾದ ರೋಮಗಳು ಸೆಕೆಂಡಿಗೆ ಹತ್ತು ಬಾರಿಯೋ ಅದಕ್ಕೂ ಹೆಚ್ಚಾಗಿಯೋ ಬಾಗಿ ಏಳುತ್ತ, ಗಾಳಿಗೆ ತಲೆದೂಗುವ ಪೈರಿನಂತೆ ಅಲೆಯಾಡುತ್ತಿರುತ್ತವೆ. ಲೋಳೆಗೆ ಅಂಟಿದ ಧೂಳೂ ರೋಗಾಣುವೂ ಈ ಅಲೆಯ ಮೇಲೆ ಗಂಟಲಿನತ್ತ ಸಾಗಿ ಕಫದ ರೂಪದಲ್ಲಿ ಹೊರಬೀಳುತ್ತವೆ. ಇಲ್ಲವೆ ನಮಗೆ ಅರಿವಿಲ್ಲದಂತೆಯೇ ಹೊಟ್ಟೆಗಿಳಿದು ಅಲ್ಲಿಯ ಆಮ್ಲದಲ್ಲಿ ನಾಶವಾಗುತ್ತವೆ. ಇದನ್ನು ದಾಟಿ ಒಳನುಗ್ಗಿದವುಗಳನ್ನು ನುಂಗಿಹಾಕಲು ಬಿಳಿಯ ರಕ್ತಕಣಗಳೂ ಅವುಗಳ ಬಳಗವೂ ಸಿದ್ಧವಾಗಿರುತ್ತವೆ. ಈ ಕಾವಲಿನ ಒಂದೊಂದು ಕೊಂಡಿಯೂ ಸರಿಯಾಗಿರುವವರೆಗೆ ನಾವು ನಿಶ್ಚಿಂತರು. ಒಂದು ಕೊಂಡಿ ಕಳಚಿದರೂ ಆಗುವ ಅನಾಹುತವೆಷ್ಟೆಂಬುದನ್ನು ಎರಡು ಆನುವಂಶಿಕ ಕಾಯಿಲೆಗಳು ನಮಗೆ ತೋರಿಸಿಕೊಡುತ್ತವೆ.

ಕಾವಲು ಮುರಿದಾಗ

ಮೊದಲನೆಯದು ಸಿಸ್ಟಿಕ್ ಫೈಬ್ರೋಸಿಸ್. ೧೯೩೮ರಲ್ಲಿ ಅಮೆರಿಕದ ವೈದ್ಯೆ ಡೊರೊತಿ ಆಂಡರ್ಸನ್ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. ಇದಕ್ಕೆ ಕಾರಣವಾದ ವಂಶವಾಹಿಯು ೧೯೮೯ರಲ್ಲಿ ಪತ್ತೆಯಾಯಿತು. ಈ ವಂಶವಾಹಿಯು ಕೆಟ್ಟಾಗ ಜೀವಕೋಶಗಳು ಉಪ್ಪನ್ನೂ ನೀರನ್ನೂ ಸರಿಯಾಗಿ ಸಾಗಿಸಲಾರವು. ಫಲವಾಗಿ ಶ್ವಾಸನಾಳದ ಲೋಳೆಯು ನೀರಿಲ್ಲದೆ ಅಂಟಂಟಾಗಿ ಗಟ್ಟಿಯಾಗುತ್ತದೆ. ರೋಮಗಳು ಅದನ್ನು ಕದಲಿಸಲಾರದೆ ಸೋಲುತ್ತವೆ. ಇಂಥ ಮಗುವಿನ ಬೆವರು ಅತಿಯಾಗಿ ಉಪ್ಪಾಗಿರುವುದರಿಂದ ಬೆವರಿನ ಪರೀಕ್ಷೆಯೇ ರೋಗವನ್ನು ಗುರುತಿಸುವ ಮುಖ್ಯ ವಿಧಾನವಾಗಿದೆ.

ಹರಿಯದೆ ನಿಂತ ಲೋಳೆಯು ಹರಿಯದೆ ನಿಂತ ನೀರಿನಂತೆಯೇ ಸರಿ. ಅದರಲ್ಲಿ ಮೊದಲು ಸ್ಟ್ಯಾಫಿಲೊಕಾಕಸ್ ಮುಂತಾದ ರೋಗಾಣುಗಳೂ ಮುಂದೆ ಸ್ಯೂಡೊಮೊನಾಸ್ ಎಂಬ ಹಠಮಾರಿ ರೋಗಾಣುವೂ ಬೇರೂರುತ್ತವೆ. ಸ್ಯೂಡೊಮೊನಾಸ್ ತನ್ನ ಸುತ್ತ ತಾನೇ ಒಂದು ಪೊರೆಯನ್ನು ಕಟ್ಟಿಕೊಂಡು, ಅದರೊಳಗೆ ಗುಂಪಾಗಿ ನೆಲೆಸುತ್ತದೆ. ಈ ಪೊರೆಯ ಒಳಗಿರುವ ರೋಗಾಣುಗಳನ್ನು ಕೊಲ್ಲುವುದು ಔಷಧಿಗೂ ಕಷ್ಟ, ರಕ್ತಕಣಗಳಿಗೂ ಕಷ್ಟ. ರೋಗಿಯು ವರ್ಷವರ್ಷವೂ ಮದ್ದು ತೆಗೆದುಕೊಳ್ಳುತ್ತಾನೆ. ಪ್ರತಿ ಬಾರಿಯೂ ದುರ್ಬಲ ರೋಗಾಣುಗಳು ಸಾಯುತ್ತವೆ, ಬಲಿಷ್ಠವಾದವು ಉಳಿಯುತ್ತವೆ. ಕಡೆಗೆ ಯಾವ ಮದ್ದಿಗೂ ಜಗ್ಗದ ತಳಿಯೊಂದು ಆ ಒಬ್ಬ ವ್ಯಕ್ತಿಯ ಶ್ವಾಸಕೋಶದಲ್ಲಿಯೇ ರೂಪುಗೊಳ್ಳಬಹುದು. ೨೦೧೯ರಿಂದೀಚೆಗೆ ವಂಶವಾಹಿಯ ದೋಷದ ಪರಿಣಾಮವನ್ನೇ ಸರಿಪಡಿಸುವ ಉತ್ತಮ ಔಷಧಿಗಳು ಬಂದಿವೆಯಾದರೂ ಅವುಗಳ ಬೆಲೆ ಸಾಮಾನ್ಯರ ಕೈಗೆಟುಕುವಂತಿಲ್ಲ. ಈ ಕಾಯಿಲೆ ಯೂರೋಪು ಮೂಲದ ಜನರಲ್ಲಿ ಹೆಚ್ಚು. ಭಾರತದಲ್ಲಿ ಇಲ್ಲವೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. ಇದೆಯೆಂಬುದು ಈಗ ಖಚಿತವಾಗಿದೆ. ಆದರೆ ಮೇಲಿಂದ ಮೇಲೆ ನ್ಯುಮೋನಿಯ ಬರುವ ಮಗುವನ್ನು ಕ್ಷಯರೋಗಿಯೆಂದೋ ಉಬ್ಬಸದ ಮಗುವೆಂದೋ ತಿಳಿದು ಚಿಕಿತ್ಸೆ ನೀಡುವುದರಿಂದ ನಿಜವಾದ ರೋಗವು ಮರೆಯಾಗಿಯೇ ಉಳಿಯುವುದುಂಟು.

ನಮ್ಮ ಬೆಟ್ಟಗಳ ಮಕ್ಕಳು

ಎರಡನೆಯ ಕಾಯಿಲೆಯು ನಮಗೆ ದೂರದ್ದಲ್ಲ. ಅದು ಕುಡುಗೋಲು ಕಣ ರಕ್ತಹೀನತೆ ಅಥವಾ ಸಿಕಲ್ ಸೆಲ್ ಕಾಯಿಲೆ. ದುಂಡಗಿರಬೇಕಾದ ಕೆಂಪು ರಕ್ತಕಣವು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವುದೇ ಇದರ ಮೂಲ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ೧೯೫೨ರಲ್ಲಿ, ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿದೊಡನೆ ಎದುರಾಗುವ ನೀಲಗಿರಿಯ ಬುಡಕಟ್ಟುಗಳಲ್ಲಿ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದು ಉಂಟು. ೧೯೮೧ರಲ್ಲಿ ಡಾ. ಎಚ್. ಸುದರ್ಶನ್ ಅವರು ಆ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಈ ಕಾಯಿಲೆಯ ಪತ್ತೆ ಮತ್ತು ಚಿಕಿತ್ಸೆಗಾಗಿ ಶ್ರಮಿಸಿದ ಸಂಸ್ಥೆಗಳಲ್ಲಿ ಒಂದು. ೨೦೨೩ರ ಜುಲೈ ೧ರಂದು ಕೇಂದ್ರ ಸರ್ಕಾರವು ಈ ರೋಗದ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತು.

ತಂದೆತಾಯಿಗಳಿಬ್ಬರೂ ಈ ದೋಷದ ವಾಹಕರಾಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ರೋಗ ಬರುವ ಸಂಭವವಿದೆ. ಈ ಮಕ್ಕಳಲ್ಲಿ ರಕ್ತವನ್ನು ಸೋಸಿ ರೋಗಾಣುಗಳನ್ನು ಹಿಡಿಯುವ ಗುಲ್ಮ ಎಂಬ ಅಂಗವು ಎಳವೆಯಲ್ಲಿಯೇ ಹಾಳಾಗುತ್ತದೆ. ಆಗ ನ್ಯುಮೊಕಾಕಸ್ ಎಂಬ, ನ್ಯುಮೋನಿಯವನ್ನುಂಟುಮಾಡುವ ರೋಗಾಣುವಿಗೆ ತಡೆಯೇ ಇರುವುದಿಲ್ಲ. ಬೆಳಿಗ್ಗೆ ಜ್ವರ ಕಾಣಿಸಿಕೊಂಡ ಮಗುವಿನ ಪ್ರಾಣವು ರಾತ್ರಿಯ ಹೊತ್ತಿಗೆ ಅಪಾಯಕ್ಕೆ ಸಿಲುಕಬಹುದು. ೧೯೮೬ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದು ಸರಳ ಉಪಾಯವನ್ನು ತೋರಿಸಿಕೊಟ್ಟಿತು. ಇಂಥ ಎಳೆಯ ಮಕ್ಕಳಿಗೆ ದಿನಕ್ಕೆರಡು ಬಾರಿ ಪೆನಿಸಿಲಿನ್ ಕೊಟ್ಟಾಗ ಈ ಸೋಂಕು ನೂರಕ್ಕೆ ೮೪ರಷ್ಟು ಇಳಿಯಿತು. ಐದು ವರ್ಷ ತುಂಬುವವರೆಗೆ ಪೆನಿಸಿಲಿನ್ ಕೊಡುವ ಪದ್ಧತಿಯು ಅಂದಿನಿಂದ ಹಲವು ದೇಶಗಳಲ್ಲಿ ರೂಢಿಗೆ ಬಂದಿತು. ನಮ್ಮ ದೇಶದಲ್ಲಿ ನ್ಯುಮೊಕಾಕಸ್ ವಿರುದ್ಧದ ಲಸಿಕೆಯನ್ನು ೨೦೧೭ರಿಂದ ಹಂತಹಂತವಾಗಿ ಆರಂಭಿಸಿ, ೨೦೨೧ರಲ್ಲಿ ದೇಶದಾದ್ಯಂತ ಎಲ್ಲ ಶಿಶುಗಳಿಗೂ ಉಚಿತವಾಗಿ ದೊರೆಯುವಂತೆ ವಿಸ್ತರಿಸಲಾಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬೆಟ್ಟದ ಹಾಡಿಯ ಆ ಮಗುವನ್ನು ಕಾಯುವುದು ಅತ್ಯಂತ ಹಳೆಯ, ಅತ್ಯಂತ ಅಗ್ಗದ ಒಂದು ಔಷಧಿ. ಆದರೆ ೧೯೭೭ರಷ್ಟು ಹಿಂದೆಯೇ ದಕ್ಷಿಣ ಆಫ್ರಿಕದಲ್ಲಿ ಪೆನಿಸಿಲಿನ್ನಿಗೆ ಬಗ್ಗದ ನ್ಯುಮೊಕಾಕಸ್ ಕಾಣಿಸಿಕೊಂಡು ಮಕ್ಕಳ ಪ್ರಾಣಕ್ಕೆ ಸಂಚಕಾರ ತಂದಿತ್ತು. ಗಟ್ಟಿ ದೇಹದ ವ್ಯಕ್ತಿಯು ಮದ್ದಿಲ್ಲದೆಯೂ ಅನೇಕ ಸೋಂಕುಗಳಿಂದ ಪಾರಾಗಬಲ್ಲನು. ಕಾವಲು ಮುರಿದ ಈ ಮಕ್ಕಳಿಗಾದರೋ ಮದ್ದೇ ಕಾವಲು. ಅದು ಸೋತರೆ ಅವರಿಗೆ ಬೇರೆ ಗತಿಯಿಲ್ಲ.

ಪ್ರತಿರೋಧ ಹುಟ್ಟುವ ಬಗೆ

“ನನ್ನ ದೇಹಕ್ಕೆ ಆ ಮಾತ್ರೆ ಒಗ್ಗಿಹೋಗಿದೆ, ಈಗ ಹಿಡಿಯುವುದಿಲ್ಲ” ಎಂದು ಜನರು ಹೇಳುವುದನ್ನು ಕೇಳುತ್ತೇವೆ. ಈ ತಿಳಿವಳಿಕೆ ತಪ್ಪು. ಮದ್ದಿಗೆ ಒಗ್ಗುವುದು ದೇಹವಲ್ಲ, ರೋಗಾಣು. ರೋಗಾಣುಗಳು ಒಡೆದು ಎರಡಾಗುತ್ತ, ಎರಡು ನಾಲ್ಕಾಗುತ್ತ ಬೆಳೆಯುವಾಗ ಅವುಗಳ ವಂಶವಾಹಿಯ ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಕೋಟಿಗಟ್ಟಲೆ ತಪ್ಪುಗಳಲ್ಲಿ ಯಾವುದೋ ಒಂದು, ಆ ರೋಗಾಣುವಿಗೆ ಮದ್ದನ್ನು ತಡೆದುಕೊಳ್ಳುವ ಶಕ್ತಿಯನ್ನು ಆಕಸ್ಮಿಕವಾಗಿ ಕೊಡುತ್ತದೆ. ಮದ್ದು ಇಲ್ಲದಿರುವಾಗ ಈ ಶಕ್ತಿಯಿಂದ ಅದಕ್ಕೆ ವಿಶೇಷ ಲಾಭವಿಲ್ಲ. ಮದ್ದು ಬಂದೊಡನೆ ಉಳಿದವು ಸತ್ತು, ಆ ಒಂದಕ್ಕೆ ಇಡೀ ಜಾಗವೂ ಆಹಾರವೂ ದಕ್ಕುತ್ತವೆ. ರಾಗಿಯ ಹೊಲದಲ್ಲಿ ಕೈಗೆ ಸಿಕ್ಕ ಮೆತ್ತನೆಯ ಕಳೆಯನ್ನಷ್ಟೇ ಕಿತ್ತು, ಬೇರು ಆಳಕ್ಕಿಳಿದ ಕಳೆಯನ್ನು ಹಾಗೆಯೇ ಬಿಟ್ಟರೆ ಮುಂದಿನ ಹಂಗಾಮಿಗೆ ಹೊಲವೆಲ್ಲ ಅದರದ್ದೇ ಆಗುವುದಿಲ್ಲವೆ? ಇದೂ ಹಾಗೆಯೇ. ಸಾಲದುದಕ್ಕೆ, ಅನೇಕ ಜಾತಿಯ ರೋಗಾಣುಗಳು ಈ ಶಕ್ತಿಯನ್ನು ನೆರೆಯ ರೋಗಾಣುಗಳಿಗೂ ದಾಟಿಸಬಲ್ಲವು.

೧೯೨೮ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು ೧೯೪೫ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ, ಸಾಕಾಗದ ಪ್ರಮಾಣದಲ್ಲಿ ಮದ್ದು ಸೇವಿಸಿದರೆ ರೋಗಾಣುಗಳು ಅದನ್ನು ಎದುರಿಸಲು ಕಲಿಯುತ್ತವೆ ಎಂದು ಎಚ್ಚರಿಸಿದ್ದರು. ಆ ಎಚ್ಚರಿಕೆಯ ಸತ್ಯವು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿದ್ದು ಕ್ಷಯರೋಗದಲ್ಲಿ.

ಕ್ಷಯ ಕಲಿಸಿದ ಪಾಠ

೧೮೮೨ರ ಮಾರ್ಚ್ ೨೪ರಂದು ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿಕೊಟ್ಟರು. ಆದರೂ ಅದಕ್ಕೆ ಮದ್ದು ದೊರೆಯಲು ಆರು ದಶಕಗಳೇ ಬೇಕಾದವು. ಅಲ್ಲಿಯವರೆಗೆ ಒಳ್ಳೆಯ ಗಾಳಿ, ಆಹಾರ, ವಿಶ್ರಾಂತಿಗಳೇ ಚಿಕಿತ್ಸೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಆರೋಗ್ಯಧಾಮವು ಆ ಕಾಲದ ಸ್ಮಾರಕ. ಅರಮನೆಯನ್ನೂ ಗುಡಿಸಲನ್ನೂ ಈ ರೋಗವು ಬೇರೆಯೆಂದು ಎಣಿಸಲಿಲ್ಲ.

೧೯೪೩ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಷಾಟ್ಜ್ ಸ್ಟ್ರೆಪ್ಟೊಮೈಸಿನ್ನನ್ನು ಕಂಡುಹಿಡಿದರು. ೧೯೪೮ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ಈ ಮದ್ದನ್ನು ಪಡೆದ ೫೫ ರೋಗಿಗಳಲ್ಲಿ ಆರು ತಿಂಗಳೊಳಗೆ ೪ ಮಂದಿ ತೀರಿಕೊಂಡರು. ಹಾಸಿಗೆಯ ವಿಶ್ರಾಂತಿಯನ್ನಷ್ಟೇ ಪಡೆದ ೫೨ ಮಂದಿಯಲ್ಲಿ ತೀರಿಕೊಂಡವರು ೧೪. ವೈದ್ಯಲೋಕವು ಹರ್ಷಿಸಿತು. ಆದರೆ ಐದು ವರ್ಷಗಳ ತರುವಾಯ ಎಣಿಸಿದಾಗ ಮೊದಲ ಗುಂಪಿನಲ್ಲಿ ೩೨ ಮಂದಿಯೂ ಎರಡನೆಯದರಲ್ಲಿ ೩೫ ಮಂದಿಯೂ ಇಲ್ಲವಾಗಿದ್ದರು. ಗೆಲುವಿನ ಬಹುಭಾಗ ಕರಗಿಹೋಗಿತ್ತು. ಒಂದೇ ಮದ್ದನ್ನು ಕೊಟ್ಟಾಗ ರೋಗಾಣುವು ಅದನ್ನು ಎದುರಿಸಲು ಕಲಿತದ್ದೇ ಇದಕ್ಕೆ ಮುಖ್ಯ ಕಾರಣ.

ಇದಕ್ಕೆ ಪರಿಹಾರವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಐಸೋನಿಯಾಜಿಡ್ ಎಂಬ ಮದ್ದಿಗೆ ಮಣಿಯದ ಕ್ಷಯಾಣುವು ಸ್ವಾಭಾವಿಕವಾಗಿ ಸುಮಾರು ೧೦ ಲಕ್ಷಕ್ಕೆ ಒಂದರಂತೆ ಇರುತ್ತದೆ. ರಿಫಾಂಪಿಸಿನ್ನಿಗೆ ಮಣಿಯದಿರುವುದು ಸುಮಾರು ೧೦ ಕೋಟಿಗೆ ಒಂದು. ರೋಗಿಯ ಶ್ವಾಸಕೋಶದ ಒಂದು ಕುಳಿಯಲ್ಲಿ ೧೦ ಕೋಟಿ ರೋಗಾಣುಗಳಿವೆಯೆಂದು ಇಟ್ಟುಕೊಳ್ಳೋಣ. ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ ಸುಮಾರು ೧೦೦ ರೋಗಾಣುಗಳು ಉಳಿದು ಮತ್ತೆ ಬೆಳೆಯುತ್ತವೆ. ರಿಫಾಂಪಿಸಿನ್ ಒಂದನ್ನೇ ಕೊಟ್ಟರೂ ಒಂದಾದರೂ ಉಳಿದೀತು. ಎರಡನ್ನೂ ಕೂಡಿಸಿ ಕೊಟ್ಟರೆ? ಎರಡಕ್ಕೂ ಒಮ್ಮೆಗೇ ಮಣಿಯದಿರುವ ರೋಗಾಣುವು ೧೦೦ ಲಕ್ಷ ಕೋಟಿಗೆ ಒಂದು. ಅಷ್ಟು ರೋಗಾಣುಗಳಿಗೆ ಆ ಕುಳಿಯಲ್ಲಿ ಜಾಗವೇ ಇಲ್ಲ. ಆದ್ದರಿಂದಲೇ ಕ್ಷಯಕ್ಕೆ ಏಕಕಾಲದಲ್ಲಿ ಹಲವು ಮದ್ದುಗಳನ್ನು ಕೊಡುತ್ತಾರೆ. ರೋಗಿಯು ತನಗೆ ಒಗ್ಗದೆಂದು ಒಂದು ಮಾತ್ರೆಯನ್ನು ಬದಿಗಿಟ್ಟು ಉಳಿದುದನ್ನು ನುಂಗಿದರೆ ಈ ಲೆಕ್ಕವೇ ತಲೆಕೆಳಗಾಗುತ್ತದೆ.

ಕನ್ನಡ ನಾಡಿನ ಕೊಡುಗೆ

ಮನೆಯಲ್ಲಿದ್ದುಕೊಂಡೇ ಮದ್ದು ಸೇವಿಸಿದರೂ ಆರೋಗ್ಯಧಾಮದಲ್ಲಿದ್ದಷ್ಟೇ ಗುಣವಾಗುವುದೆಂಬುದನ್ನು ೧೯೫೬ರಲ್ಲಿ ಮದರಾಸಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು ೧೯೫೯ರಲ್ಲಿ ಜಗತ್ತಿಗೆ ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಈ ಸಂಸ್ಥೆಯು ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ೧೯೬೦ರ ದಶಕದಲ್ಲಿ ನಡೆಸಿದ ಸುದೀರ್ಘ ಅಧ್ಯಯನದಿಂದ, ಕಫದಲ್ಲಿ ರೋಗಾಣುವಿದ್ದವರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಮಂದಿ ಐದು ವರ್ಷಗಳಲ್ಲಿ ಮೃತರಾದರೆಂಬುದು ತಿಳಿದುಬಂದಿತು.

ತುಮಕೂರು ಜಿಲ್ಲೆಯಲ್ಲಿ ನಡೆದು ೧೯೬೩ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಮತ್ತಷ್ಟು ಮನನೀಯ. ಹಳ್ಳಿಯ ಜನರು ಅಜ್ಞಾನದಿಂದ ಆಸ್ಪತ್ರೆಗೆ ಬಾರರೆಂಬುದು ಅಂದಿನ ನಂಬಿಕೆ. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು ಮನೆಮನೆಗೆ ಹೋಗಿ ವಿಚಾರಿಸಿದಾಗ ತಿಳಿದದ್ದೇ ಬೇರೆ. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಕೆಮ್ಮುತ್ತಲೇ ಆರೋಗ್ಯ ಕೇಂದ್ರಗಳಿಗೆ ಹೋಗಿದ್ದರು. ಅವರಲ್ಲಿ ಬಹುಮಂದಿ ಕೆಮ್ಮಿನ ಔಷಧದ ಒಂದು ಸೀಸೆಯೊಡನೆ ಮನೆಗೆ ಮರಳಿದ್ದರು. ತಪ್ಪು ರೋಗಿಯದಾಗಿರಲಿಲ್ಲ. ಬಂದವರ ಕಫವನ್ನು ಪರೀಕ್ಷಿಸಬೇಕೆಂಬ ತತ್ತ್ವವು ದೇಶದ ಕ್ಷಯ ನಿಯಂತ್ರಣ ಕಾರ್ಯಕ್ಕೆ ತಳಹದಿಯಾಗುವುದಕ್ಕೆ ನಮ್ಮ ನಾಡಿನ ಹಳ್ಳಿಗರು ಹೇಳಿದ ಈ ಮಾತೇ ಆಧಾರವಾಯಿತು.

ಅರ್ಧಕ್ಕೆ ನಿಂತ ಚಿಕಿತ್ಸೆ

ಸಾಮಾನ್ಯ ಕ್ಷಯಕ್ಕೆ ಈಗ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಮದ್ದುಗಳು, ಅನಂತರ ನಾಲ್ಕು ತಿಂಗಳು ಮೂರು. ಕೆಲವೇ ವಾರಗಳಲ್ಲಿ ಜ್ವರ ಇಳಿಯುತ್ತದೆ, ಕೆಮ್ಮು ಅಡಗುತ್ತದೆ, ಹಸಿವು ಮರಳುತ್ತದೆ. ಆಗಲೇ ಅಪಾಯದ ಘಟ್ಟ. ಬೇಗ ಬೆಳೆಯುವ ರೋಗಾಣುಗಳು ಸತ್ತಿರುತ್ತವೆಯೇ ಹೊರತು ನಿದ್ರಿಸುತ್ತಿರುವಂಥವು ಇನ್ನೂ ಉಳಿದಿರುತ್ತವೆ. ಅವುಗಳಿಗಾಗಿಯೇ ಮುಂದಿನ ತಿಂಗಳುಗಳ ಮದ್ದು. ಗುಣವಾಯಿತೆಂದು ನಂಬಿ ಕೆಲವರು ನಿಲ್ಲಿಸುತ್ತಾರೆ. ರಿಫಾಂಪಿಸಿನ್ನಿನಿಂದ ಮೂತ್ರವು ಕೆಂಪಾಗುವುದನ್ನು ಕಂಡು ಕೆಲವರು ಹೆದರುತ್ತಾರೆ; ಅದು ಮದ್ದಿನ ಬಣ್ಣವೇ ಹೊರತು ರಕ್ತವಲ್ಲ. ಕೂಲಿಗಾಗಿ ಗಡಿಯಾಚೆಗೆ ಹೋದವರಿಗೆ ಮದ್ದು ತಪ್ಪುತ್ತದೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನೇ ಮುಚ್ಚಿಡುವ ಮನೆಗಳೂ ಉಂಟು.

ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯವನ್ನು ಬಹು ಔಷಧಿ ನಿರೋಧಕ ಕ್ಷಯವೆಂದು ಕರೆಯುತ್ತಾರೆ. ಇದಕ್ಕೆ ಮೊದಲು ಒಂದೂವರೆ ಎರಡು ವರ್ಷಗಳ ಚಿಕಿತ್ಸೆ ಬೇಕಾಗುತ್ತಿತ್ತು. ತಿಂಗಳುಗಟ್ಟಲೆ ಚುಚ್ಚಿಸಿಕೊಂಡ ಮದ್ದಿನಿಂದ ಕೆಲವರ ಕಿವಿಯೇ ಕೇಳದಾಗುತ್ತಿತ್ತು. ೨೦೧೨ರಲ್ಲಿ ಮನ್ನಣೆ ಪಡೆದ ಬೆಡಾಕ್ವಿಲಿನ್ ಈ ಸ್ಥಿತಿಯನ್ನು ಬದಲಿಸಿತು. ಅದನ್ನೊಳಗೊಂಡ ನಾಲ್ಕು ಮದ್ದುಗಳ ಆರು ತಿಂಗಳ ಚಿಕಿತ್ಸೆಗೆ ೨೦೨೪ರಲ್ಲಿ ಭಾರತ ಸರ್ಕಾರವು ಒಪ್ಪಿಗೆ ನೀಡಿದೆ. ಆದರೆ ಹೊಸ ಮದ್ದೂ ಹಳೆಯ ಮದ್ದಿನ ದಾರಿಯನ್ನೇ ಹಿಡಿಯಬಹುದೆಂಬ ಭಯ ಇದ್ದೇ ಇದೆ. ಮುಖ್ಯವಾಗಿ ನೆನಪಿಡಬೇಕಾದುದೆಂದರೆ, ಮದ್ದಿಗೆ ಬಗ್ಗದ ಈ ರೋಗಾಣುವು ಕೆಮ್ಮಿನ ಗಾಳಿಯ ಮೂಲಕ ಹರಡುವುದು. ಒಬ್ಬನು ಅರ್ಧಕ್ಕೆ ಬಿಟ್ಟ ಚಿಕಿತ್ಸೆಯ ಫಲವನ್ನು, ಹುಟ್ಟಿದಂದಿನಿಂದ ಕ್ಷಯದ ಒಂದು ಮಾತ್ರೆಯನ್ನೂ ನುಂಗದ ಅವನ ಮನೆಯ ಕೂಸು ಉಣ್ಣಬೇಕಾಗುತ್ತದೆ.

ನಮ್ಮ ಕರ್ತವ್ಯ

ಎರಡು ವಾರಗಳಿಗೂ ಮಿಕ್ಕಿ ಕೆಮ್ಮಿದ್ದರೆ ಕಫವನ್ನು ಪರೀಕ್ಷಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಮದ್ದೂ ಉಚಿತ. ರೋಗಾಣುವಿನೊಡನೆ ರಿಫಾಂಪಿಸಿನ್ನಿನ ಪ್ರತಿರೋಧವನ್ನೂ ಕೆಲವೇ ಗಂಟೆಗಳಲ್ಲಿ ತಿಳಿಸುವ ಯಂತ್ರಗಳು ಈಗ ಬಳಕೆಯಲ್ಲಿವೆ. ರೋಗಿಗಳ ಪೌಷ್ಟಿಕ ಆಹಾರಕ್ಕಾಗಿ ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಸಲ್ಲುತ್ತಿದ್ದು, ೨೦೨೪ರ ನವೆಂಬರಿನಿಂದ ಅದನ್ನು ೧೦೦೦ಕ್ಕೆ ಏರಿಸಲಾಗಿದೆ. ಆಹಾರದ ಮಹತ್ವವನ್ನು ಕಡೆಗಣಿಸುವಂತಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡದಲ್ಲಿ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೆ ಒಳ್ಳೆಯ ಆಹಾರಧಾನ್ಯ ಒದಗಿಸಿದಾಗ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ ೩೯ರಷ್ಟು ಕಡಮೆಯಾಯಿತು. ರೋಗವೇ ಬಾರದಿದ್ದರೆ ಮದ್ದೂ ಬೇಡ, ಪ್ರತಿರೋಧವೂ ಇಲ್ಲ.

ಶೀತ, ನೆಗಡಿ, ಸಾಮಾನ್ಯ ಜ್ವರಗಳಿಗೆ ಹೆಚ್ಚಾಗಿ ಕಾರಣ ವೈರಾಣುಗಳು. ಇವುಗಳ ಮೇಲೆ ಆ್ಯಂಟಿಬಯೋಟಿಕ್ ಔಷಧಿಗಳು ಏನೂ ಮಾಡಲಾರವು. ಅಂಗಡಿಯಲ್ಲಿ ಕೇಳಿ ಎರಡು ಮಾತ್ರೆ ತಂದು ನುಂಗುವುದು, ಒಬ್ಬರಿಗೆ ಬರೆದುಕೊಟ್ಟುದನ್ನು ಮತ್ತೊಬ್ಬರು ಸೇವಿಸುವುದು, ಕಳೆದ ಸಲ ಮಿಕ್ಕಿದ್ದನ್ನು ಈ ಸಲ ಬಳಸುವುದು, ಇವೆಲ್ಲ ಬಿಡಬೇಕಾದ ಅಭ್ಯಾಸಗಳು. ೨೦೧೪ರ ಮಾರ್ಚ್ ೧ರಿಂದ ಜಾರಿಯಲ್ಲಿರುವ ನಿಯಮದಂತೆ, ಕ್ಷಯದ ಮದ್ದುಗಳೂ ಸೇರಿದಂತೆ ಪಟ್ಟಿ ಮಾಡಿದ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಕೋಳಿ ಮುಂತಾದ ಪ್ರಾಣಿಗಳ ಸಾಕಣೆಯಲ್ಲಿ ಕಾಲಿಸ್ಟಿನ್ ಎಂಬ ಕಡೆಯ ಆಸರೆಯ ಮದ್ದನ್ನು ಬಳಸುವುದನ್ನು ೨೦೧೯ರಲ್ಲಿ ನಿಷೇಧಿಸಲಾಯಿತು. ನಿಯಮವು ಕಾಗದದಲ್ಲಿದ್ದರೆ ಸಾಲದು. ಕೊಳ್ಳುವವರೂ ಮಾರುವವರೂ ಅದನ್ನು ಮನ್ನಿಸಬೇಕು.

ವಿದ್ಯಾರ್ಥಿನಿಲಯಗಳಲ್ಲಿ ಸಾಲಾಗಿ ಮಲಗುವ ಮಕ್ಕಳಿಗೆ ತೆರೆದ ಕಿಟಕಿಯೇ ದೊಡ್ಡ ರಕ್ಷಣೆ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದನ್ನೂ ಕಂಡಕಂಡಲ್ಲಿ ಉಗುಳದಿರುವುದನ್ನೂ ಶಾಲೆಯಲ್ಲಿಯೇ ಕಲಿಯಬೇಕು. ಸಹಪಾಠಿಯ ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ ಅವನಿಂದ ದೂರ ಸರಿಯದೆ, ಮದ್ದು ತಪ್ಪದಂತೆ ನೆನಪಿಸುವ ಗೆಳೆಯನಾಗಬೇಕು. ಅವಮಾನದ ಅಂಜಿಕೆಯಿಲ್ಲದ ಕಡೆ ಯಾರೂ ರೋಗವನ್ನು ಮುಚ್ಚಿಡುವುದಿಲ್ಲ.

ಹೊಸ ಜೀವಿರೋಧಕಗಳು ಬರುವುದು ಬಲು ನಿಧಾನ. ಇರುವವುಗಳನ್ನು ಕಾಪಾಡಿಕೊಳ್ಳುವುದೇ ವಿವೇಕ. ಮಳೆ ಕಡಮೆಯಾದ ನಮ್ಮ ಸೀಮೆಯಲ್ಲಿ ಊರ ಕೆರೆಯ ಬೆಲೆ ಎಲ್ಲರಿಗೂ ಗೊತ್ತು. ಒಬ್ಬನು ತನ್ನ ಗದ್ದೆಗೆಂದು ಹೊತ್ತಲ್ಲದ ಹೊತ್ತಿನಲ್ಲಿ ತೂಬು ಎತ್ತಿದರೆ ಬೇಸಗೆಯಲ್ಲಿ ಬಾಯಾರುವುದು ಊರಿಗೆ ಊರೇ. ಔಷಧಿಯ ಶಕ್ತಿಯೂ ಅಂಥ ಸಮುದಾಯದ ಸೊತ್ತು. ನೆಗಡಿಗೆಂದು ಪೇಟೆಯಲ್ಲಿ ನಾವು ವ್ಯರ್ಥವಾಗಿ ನುಂಗುವ ಒಂದೊಂದು ಮಾತ್ರೆಯೂ, ಅದಿಲ್ಲದೆ ಬದುಕಲಾರದ ಬೆಟ್ಟದ ಮಗುವಿನ ಪಾಲಿನಿಂದ ತೆಗೆದುದು ಎಂಬ ಅರಿವು ನಮ್ಮಲ್ಲಿ ಮೂಡಲಿ.